ಸೂರ್ಯ ಕೆರಳಿದರೆ ಭೂಮಿ ನಡುಗುತ್ತದೆಯೇ?

ಪ್ರಶ್ನೆ: ಸೌರ ಬಿರುಗಾಳಿಗೂ ಭೂಕಂಪಕ್ಕೂ ನಂಟಿದೆಯೇ?

ಉತ್ತರ: ಅನುಮಾನ ಹಳೆಯದು. ಸ್ವಿಸ್ ಖಗೋಳಜ್ಞ ರುಡಾಲ್ಫ್ ವುಲ್ಫ್ 1853ರಲ್ಲೇ ಸೌರಕಲೆಗಳತ್ತ ಬೆರಳು ತೋರಿಸಿದ್ದರು. ಸೌರಮಾರುತದಲ್ಲಿ ಪ್ರೋಟಾನ್ ದಟ್ಟಣೆ ಏರಿದ ಮರುದಿನ ದೊಡ್ಡ ಕಂಪನಗಳು ಹೆಚ್ಚುತ್ತವೆ ಎಂದು ಇಟಲಿಯ ಸಂಶೋಧಕರು 2020ರಲ್ಲಿ ಬರೆದರು. ಆದರೆ 2013ರಲ್ಲಿ ಅಮೆರಿಕದ ಜೆಫ್ರಿ ಲವ್ ಮತ್ತು ಜೆರೆಮಿ ಥಾಮಸ್ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಾಗ ಗಟ್ಟಿಯಾದ ನಂಟೇನೂ ಸಿಕ್ಕಿರಲಿಲ್ಲ.

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯ ಆಗಸ ಕೆಂಪೇರಿತು. ಎರಡು ದಶಕಗಳಲ್ಲೇ ಬಲವಾದ ಸೌರ ಬಿರುಗಾಳಿ ಅದು. ಅದರ ಬೆನ್ನಿಗೆ ಮಹಾಭೂಕಂಪ ಯಾವುದೂ ಬರಲಿಲ್ಲ!

ಭೂಕಂಪದ ಬೇರು ನೆಲದಾಳದಲ್ಲಿದೆ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯುತ್ತ ಹಿಮಾಲಯವನ್ನು ಒತ್ತುತ್ತಿದೆ. ಆ ಒತ್ತಡ ಬಂಡೆಗೆ ತಾಳಲಾರದಾದಾಗ ನೆಲ ನಡುಗುತ್ತದೆ. ಸೌರಜ್ವಾಲೆ ನೋಡಿ ಭೂಕಂಪದ ದಿನ ಹೇಳುವ ವಿಡಿಯೊಗಳನ್ನು ದಯವಿಟ್ಟು ಹಂಚಬೇಡಿ.