ಡಿಸ್ಕಿನ ಮಾತನ್ನು ನಂಬಬಹುದೇ?

ಬೆಂಗಳೂರಿನ ಎಸ್‌.ಪಿ. ರಸ್ತೆಯ ಡೇಟಾ ರಿಕವರಿ ಅಂಗಡಿಯೊಂದರಲ್ಲಿ ಕಳೆದ ವಾರ ಹಳೆಯ ಎಸ್‌ಎಸ್‌ಡಿಯೊಂದನ್ನು ಬಿಚ್ಚಿಟ್ಟಿದ್ದರು. ಅಂಗೈಯಗಲದ ಹಸಿರು ಬೋರ್ಡು, ನಡುವೆ ಕಂಟ್ರೋಲರ್ ಚಿಪ್ಪು, ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಲೋಹದ ಚುಕ್ಕೆಗಳ ಸಾಲು. ‘ಇವು ಜೆಟ್ಯಾಗ್ ಪಾಯಿಂಟು ಸಾರ್, ಫ್ಯಾಕ್ಟರಿಯಲ್ಲಿ ಟೆಸ್ಟಿಂಗ್‌ಗೆ ಅಂತ ಬಿಟ್ಟಿರ್ತಾರೆ. ಇಲ್ಲಿ ವೈರ್ ಹಾಕಿದ್ರೆ ಚಿಪ್ಪಿನೊಳಗಿನ ಪ್ರೋಗ್ರಾಮನ್ನೇ ತಿದ್ದಬಹುದು’ ಎನ್ನುತ್ತ ಮಸೂರದಡಿ ತೋರಿಸಿದ ಅಲ್ಲಿನ ಹುಡುಗ.

2018ರ ನವೆಂಬರ್‌ನಲ್ಲಿ ಹೊರಬಿದ್ದ ಸುದ್ದಿಯೊಂದು ಆಗ ನನಗೆ ಸರಿಯಾಗಿ ಅರ್ಥವಾಯಿತು. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಕಾರ್ಲೊ ಮೈಯರ್ ಮತ್ತು ಬರ್ನಾರ್ಡ್ ವಾನ್ ಗಾಸ್ಟೆಲ್ ಕ್ರೂಶಿಯಲ್, ಸ್ಯಾಮ್‌ಸಂಗ್ ಕಂಪನಿಗಳ ಕೆಲವು ಎಸ್‌ಎಸ್‌ಡಿಗಳನ್ನು ಹೀಗೇ ಜಾಲಾಡಿದ್ದರು. ತಾನೇ ಎನ್‌ಕ್ರಿಪ್ಟ್ ಮಾಡಿಕೊಳ್ಳುತ್ತೇನೆ ಎನ್ನುವ ಡಿಸ್ಕುಗಳವು. ಎಇಎಸ್ ಎಂಬ ಎನ್‌ಕ್ರಿಪ್ಷನ್ ವಿಧಾನದ ಗಣಿತದಲ್ಲಿ ಕುಂದಿರಲಿಲ್ಲ. ಆದರೆ ಕ್ರೂಶಿಯಲ್ ಎಂಎಕ್ಸ್100ರಲ್ಲಿ ಬಳಕೆದಾರನ ಪಾಸ್‌ವರ್ಡ್‌ಗೂ ಡೇಟಾದ ಕೀಗೂ ನಂಟೇ ಇರಲಿಲ್ಲ! ಪಾಸ್‌ವರ್ಡ್ ಸರಿಯೇ ಎಂದು ನೋಡುವ ತಪಾಸಣೆಯನ್ನು ಜೆಟ್ಯಾಗ್ ಮೂಲಕ ತಿದ್ದಿದರೆ ಸಾಕು, ಏನು ಟೈಪಿಸಿದರೂ ಡಿಸ್ಕ್ ತೆರೆದುಕೊಳ್ಳುತ್ತಿತ್ತು. ಎಂಎಕ್ಸ್300ರ ಫ್ಯಾಕ್ಟರಿ ಮಾಸ್ಟರ್ ಪಾಸ್‌ವರ್ಡ್ ಖಾಲಿ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಏಕೆಂದರೆ 2010ರಲ್ಲೇ ಜರ್ಮನಿಯ ಎಸ್‌ವೈಎಸ್‌ಎಸ್ ಸಂಸ್ಥೆ ಇಂಥದ್ದನ್ನು ಬಯಲು ಮಾಡಿತ್ತು: ಅಮೆರಿಕದ ಫಿಪ್ಸ್ 140-2 ಭದ್ರತಾ ಪ್ರಮಾಣಪತ್ರ ಪಡೆದ ಕೆಲವು ಪೆನ್‌ಡ್ರೈವ್‌ಗಳಿಗೆ, ಪಾಸ್‌ವರ್ಡ್ ಯಾವುದೇ ಇರಲಿ, ಕಂಪ್ಯೂಟರಿನಿಂದ ಹೋಗುತ್ತಿದ್ದ ‘ತೆರೆ’ ಸಂಕೇತ ಒಂದೇ.

ವಿಂಡೋಸ್‌ನ ಎನ್‌ಕ್ರಿಪ್ಷನ್ ಸೌಲಭ್ಯ ಬಿಟ್‌ಲಾಕರ್ 2018ರಲ್ಲಿ, ತಾನೇ ಎನ್‌ಕ್ರಿಪ್ಟ್ ಮಾಡಿಕೊಳ್ಳುವ ಡಿಸ್ಕ್ ಸಿಕ್ಕರೆ ತನ್ನ ಕೆಲಸವನ್ನು ಅದಕ್ಕೇ ಒಪ್ಪಿಸಿ ಸುಮ್ಮನಾಗುತ್ತಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಆ ರೂಢಿ ಬದಲಿಸಿ ಸಾಫ್ಟ್‌ವೇರ್ ಎನ್‌ಕ್ರಿಪ್ಷನ್ನಿಗೆ ಮರಳಿತು.

ಸಾಫ್ಟ್‌ವೇರ್ ನಿಧಾನ ಎಂಬ ದೂರು ಹಳೆಯದು. ಆದರೆ 2010ರಿಂದ ಇಂಟೆಲ್‌ನ ಅನೇಕ ಪ್ರೊಸೆಸರ್‌ಗಳಲ್ಲಿ ಎಇಎಸ್ ವೇಗವಾಗಿ ನಡೆಯಲೆಂದೇ ಪ್ರತ್ಯೇಕ ಸೂಚನೆಗಳಿವೆ. ವೆರಾಕ್ರಿಪ್ಟ್, ಲಕ್ಸ್‌ನಂಥ ಎನ್‌ಕ್ರಿಪ್ಷನ್ ಸಾಫ್ಟ್‌ವೇರ್‌ಗಳ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ಡಿಸ್ಕಿನ ಫರ್ಮ್‌ವೇರ್ ಓದಲು ಮಾತ್ರ ಬೆಸುಗೆಯ ಕಡ್ಡಿ ಹಿಡಿಯಬೇಕು. ನನ್ನ ಮತ ಸಾಫ್ಟ್‌ವೇರ್‌ಗೆ. ಅದರ ಕೀ ರ್‍ಯಾಮ್‌ನಲ್ಲಿ ಉಳಿದಿರುತ್ತದೆ, ಚಿಪ್ಪನ್ನು ತಣ್ಣಗಾಗಿಸಿದರೆ ಕರೆಂಟು ಹೋದ ಮೇಲೂ ಕೆಲ ನಿಮಿಷ ಓದಬಹುದು ಎಂದು 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ತೋರಿಸಿದ್ದು ನಿಜ. ಹಾಗಾಗಿ ಲ್ಯಾಪ್‌ಟಾಪನ್ನು ಸ್ಲೀಪ್‌ನಲ್ಲಿಟ್ಟು ಬ್ಯಾಗಿಗೆ ತುರುಕಬೇಡಿ, ಶಟ್‌ಡೌನ್ ಮಾಡಿ. ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಯಂತ್ರಗಳ ನಡುವೆ ಫೈಲು ಸಾಗಿಸಲು ತಾನೇ ಎನ್‌ಕ್ರಿಪ್ಟ್ ಮಾಡುವ, ಕೀಪ್ಯಾಡ್ ಇರುವ ಡ್ರೈವ್ ಬೇಕಾಗಬಹುದು. ಆಗಲೂ ಫೈಲನ್ನು ಮೊದಲೇ ಎನ್‌ಕ್ರಿಪ್ಟ್ ಮಾಡಿ ತುಂಬುವುದು ಕ್ಷೇಮ.

ಹಳೆಯ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘manage-bde -status’ ಕೊಟ್ಟು ನೋಡಿ. ಎನ್‌ಕ್ರಿಪ್ಷನ್ ವಿಧಾನದ ಎದುರು ‘ಹಾರ್ಡ್‌ವೇರ್’ ಎಂದಿದ್ದರೆ ಸೆಟ್ಟಿಂಗ್ ಬದಲಿಸಿದರಷ್ಟೇ ಸಾಲದು. ಬ್ಯಾಕಪ್ ತೆಗೆದುಕೊಂಡು, ಬಿಟ್‌ಲಾಕರ್ ಪೂರ್ತಿ ಆಫ್ ಮಾಡಿ, ಸಾಫ್ಟ್‌ವೇರ್ ವಿಧಾನದಲ್ಲಿ ಮತ್ತೆ ಆನ್ ಮಾಡಬೇಕು.