ಆರು ದಿನದ ಗಡುವು

ಪರಸ್ಥಳದಲ್ಲಿ ಸಂಸಾರ ಬೇರೂರಲು ಎಷ್ಟು ಕಾಲ ಬೇಕೆಂಬುದನ್ನು ನಾವು ಬಲ್ಲೆವು. ಅದನ್ನು ಕೀಳಲು ಆರು ದಿನ ಸಾಕಾದುದನ್ನು ಅಮೆರಿಕೆಯ ಬೇನ್‌ಬ್ರಿಜ್ ದ್ವೀಪದ ಜಪಾನೀ ಕುಟುಂಬಗಳು ಕಂಡವು. ಪರ್ಲ್ ಹಾರ್ಬರಿನ ಮೇಲೆ ಜಪಾನು ಎರಗಿದ ಬಳಿಕ, 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರು ಹೊರಡಿಸಿದ ಆಜ್ಞೆಯೇ ಇದಕ್ಕೆ ಮೂಲ. ಮಾರ್ಚ್ 24ರಂದು ದ್ವೀಪ ತೊರೆಯುವಂತೆ ಆದೇಶ ಬಂದಿತು. 30ರಂದು 227 ಮಂದಿ, ಸ್ಟ್ರಾಬೆರಿ ತೋಟಗಳನ್ನು ಹಿಂದುಳಿಸಿ, ಅಂಗಿಗೆ ಸಂಖ್ಯೆಯ ಚೀಟಿ ಕಟ್ಟಿಕೊಂಡು, ಹೊರಲಾದಷ್ಟೇ ಗಂಟಿನೊಡನೆ ಸೈನಿಕರ ಕಾವಲಿನಲ್ಲಿ ಹಡಗನ್ನೇರಿದರು. ಇಂತು ಬಂಧಿತರಾದವರು ಒಟ್ಟು ಸುಮಾರು 1,20,000 ಮಂದಿ. ಮೂವರಲ್ಲಿ ಇಬ್ಬರು ಅಮೆರಿಕೆಯ ಪ್ರಜೆಗಳೇ. ಆರೋಪವಿಲ್ಲ, ವಿಚಾರಣೆಯಿಲ್ಲ! 1988ರಲ್ಲಿ ಸರಕಾರವು ಕ್ಷಮೆ ಯಾಚಿಸಿ, ಬದುಕುಳಿದವರಿಗೆ ತಲಾ 20,000 ಡಾಲರು ಪರಿಹಾರವನ್ನು ವಿಧಿಸಿತು. ನೆಲೆಯೂರಿದ ಹಿರಿಯರಲ್ಲಿ ಅನೇಕರು ಅಷ್ಟರೊಳಗೆ ಗತಿಸಿದ್ದರು. ಮೂಲವನ್ನೇ ಅಪರಾಧವೆಂದೆಣಿಸುವ ಆಜ್ಞೆ ಎಲ್ಲಿ ಹೊರಟರೂ, ಪರಸ್ಥಳದಲ್ಲಿ ಬಾಳುವ ನಾವು ಅದನ್ನು ಅನ್ಯರ ಸಂಕಟವೆಂದು ಬಗೆಯಲಾಗದು.