ಕ್ಯಾನ್ಸರ್ ಕೋಶಕ್ಕೆ ಪ್ಲಾಟಿನಂ ಬೀಗ

ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದಲ್ಲಿ ‘ಸಿಸ್’ ಮತ್ತು ‘ಟ್ರಾನ್ಸ್’ ಎಂಬ ಎರಡು ಪದಗಳು ಬರುತ್ತವೆ. ಒಂದೇ ಬಗೆಯ ಎರಡು ಗುಂಪುಗಳು ಅಕ್ಕಪಕ್ಕದಲ್ಲಿದ್ದರೆ ಸಿಸ್, ಎದುರುಬದುರಾಗಿದ್ದರೆ ಟ್ರಾನ್ಸ್. ಚಿತ್ರ ಬರೆದು ಅಂಕ ಗಳಿಸಿ ಮರೆತುಬಿಡುವ ವಿಷಯವಿದು ಎಂದು ಅನೇಕ ವಿದ್ಯಾರ್ಥಿಗಳ ಭಾವನೆ. ಆದರೆ ಈ ಸಣ್ಣ ವ್ಯತ್ಯಾಸವೇ ಅಸಂಖ್ಯ ರೋಗಿಗಳ ಪಾಲಿಗೆ ಸಾವು-ಬದುಕಿನ ಪ್ರಶ್ನೆಯಾಗಿದೆ ಎಂದರೆ ನಂಬುವಿರಾ?

ಪ್ಲಾಟಿನಂ ಪರಮಾಣುವಿಗೆ ಎರಡು ಅಮೋನಿಯ ಅಣು, ಎರಡು ಕ್ಲೋರೈಡ್ ಅಯಾನು ಅಂಟಿಕೊಂಡ ಹಳದಿ ವಸ್ತುವೇ ಸಿಸ್‌ಪ್ಲಾಟಿನ್. ಇಟಲಿಯ ಪೆಯ್ರೋನೆ ಇದನ್ನು 1840ರ ದಶಕದಲ್ಲೇ ತಯಾರಿಸಿದ್ದ. ಅದರ ಚೌಕಾಕಾರದ ರಚನೆಯನ್ನು 1893ರಲ್ಲಿ ಊಹಿಸಿದವನು ಆಲ್‌ಫ್ರೆಡ್ ವರ್ನರ್. ಲೋಹ ಸಂಯುಕ್ತಗಳ ಕುರಿತ ಸಂಶೋಧನೆಗಾಗಿ ಅವನಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆಗಲೂ ಇದು ಔಷಧವೆಂದು ಯಾರಿಗೂ ತಿಳಿದಿರಲಿಲ್ಲ.

ಬೆಳೆದರೂ ಒಡೆಯದ ಕೋಶ

ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್, ವಿದ್ಯುತ್ ಕ್ಷೇತ್ರದಿಂದ ಕೋಶ ವಿಭಜನೆಯ ಮೇಲೆ ಏನು ಪರಿಣಾಮವಾಗುತ್ತದೆಂದು ಪರೀಕ್ಷಿಸುತ್ತಿದ್ದರು. ದ್ರಾವಣದಲ್ಲಿದ್ದ ಇ. ಕೋಲೈ ಬ್ಯಾಕ್ಟೀರಿಯಾಗಳು ವಿಭಜನೆಯಾಗದೆ ದಾರದಂತೆ ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ವಿದ್ಯುದ್ವಾರಗಳು ಸ್ವಲ್ಪ ಕರಗಿ, ದ್ರಾವಣದ ಅಮೋನಿಯಂ ಕ್ಲೋರೈಡಿನೊಡನೆ ಸೇರಿ ಉಂಟಾದ ಸಂಯುಕ್ತಗಳು! ಈ ಫಲಿತಾಂಶ 1965ರಲ್ಲಿ ಪ್ರಕಟವಾಯಿತು. ವಿಭಜನೆಯನ್ನು ತಡೆಯುವ ವಸ್ತು ಕ್ಯಾನ್ಸರನ್ನೂ ತಡೆಯಬಹುದಲ್ಲವೆ? ಇಲಿಗಳ ಗೆಡ್ಡೆಗಳ ಮೇಲೆ ಅದು ಪರಿಣಾಮ ಬೀರಿದ ವಿಷಯ 1969ರಲ್ಲಿ ಪ್ರಕಟವಾಯಿತು. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಬಂಧ ಬೀಳುವುದೆಲ್ಲಿ?

ಸಾರಜನಕವಿರುವ ಪ್ರತ್ಯಾಮ್ಲವೊಂದಕ್ಕೆ ಸಕ್ಕರೆ ಸೇರಿದರೆ ಅದು ನ್ಯೂಕ್ಲಿಯೊಸೈಡ್. ಅದಕ್ಕೆ ಫಾಸ್ಫೇಟ್ ಸೇರಿದರೆ ನ್ಯೂಕ್ಲಿಯೊಟೈಡ್. ಇವುಗಳ ಸರಪಳಿಯೇ ಡಿ.ಎನ್.ಎ. ಎಲೆಕ್ಟ್ರಾನ್ ಜೋಡಿಯನ್ನು ನೀಡಬಲ್ಲ ಪರಮಾಣುಗಳಿಗೆ ಲೋಹದ ಅಯಾನುಗಳು ಅಂಟಿಕೊಳ್ಳುತ್ತವೆ. ಮೆಗ್ನೀಸಿಯಂ ಹೆಚ್ಚಾಗಿ ಫಾಸ್ಫೇಟಿನ ಆಮ್ಲಜನಕವನ್ನು ಹುಡುಕಿದರೆ, ಪ್ಲಾಟಿನಂಗೆ ಸಾರಜನಕವೇ ಇಷ್ಟ. ಅದರಲ್ಲೂ ಗ್ವಾನೀನಿನ 7ನೇ ಸ್ಥಾನದ ಸಾರಜನಕ. ಎದುರಿನ ಎಳೆಯ ಸೈಟೊಸೀನಿನೊಡನೆ ಕೈಹಿಡಿಯುವ ಕೆಲಸ ಅದಕ್ಕಿಲ್ಲ. ಆದ್ದರಿಂದ ಅದು ಬಿಡುವಾಗಿಯೇ ಇರುತ್ತದೆ.

ರಕ್ತದಲ್ಲಿ ಕ್ಲೋರೈಡ್ ಹೆಚ್ಚು. ಅಲ್ಲಿ ಸಿಸ್‌ಪ್ಲಾಟಿನ್ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕೋಶದ ಒಳಗೆ ಕ್ಲೋರೈಡ್ ಕಡಿಮೆ. ಅಲ್ಲಿ ಕ್ಲೋರೈಡ್ ಕಳಚಿ ನೀರಿನ ಅಣು ಬರುತ್ತದೆ. ನೀರು ಸುಲಭವಾಗಿ ಜಾಗ ಬಿಡುವುದರಿಂದ ಅಲ್ಲಿಗೆ ಗ್ವಾನೀನ್ ಬಂದು ಸೇರುತ್ತದೆ. ಬಿಡುಗಡೆಯಾದ ಎರಡು ಸ್ಥಾನಗಳೂ ಅಕ್ಕಪಕ್ಕದಲ್ಲಿರುವ ಕಾರಣ, ಒಂದೇ ಎಳೆಯಲ್ಲಿ ನೆರೆಹೊರೆಯಾಗಿರುವ ಎರಡು ಗ್ವಾನೀನ್‌ಗಳನ್ನು ಪ್ಲಾಟಿನಂ ಒಟ್ಟಿಗೆ ಬಿಗಿಯುತ್ತದೆ. ಸಿಸ್‌ಪ್ಲಾಟಿನ್ ಡಿ.ಎನ್.ಎ.ಯಲ್ಲಿ ಹಾಕುವ ಬೀಗಗಳಲ್ಲಿ ಸುಮಾರು ಮೂರನೇ ಎರಡು ಪಾಲು ಇಂಥವೇ. ಆಗ ಡಿ.ಎನ್.ಎ. ಬಾಗುತ್ತದೆ, ಅದರ ನಕಲು ನಿಲ್ಲುತ್ತದೆ. ಹಾನಿಯನ್ನು ಸರಿಪಡಿಸಲಾಗದ ಕೋಶ ಸಾಯುತ್ತದೆ. ಟ್ರಾನ್ಸ್ ರೂಪದ ಸ್ಥಾನಗಳು ವಿರುದ್ಧ ದಿಕ್ಕಿಗಿರುವುದರಿಂದ ಪಕ್ಕದ ಗ್ವಾನೀನ್‌ಗಳನ್ನು ಹೀಗೆ ಬಿಗಿಯಲು ಅದಕ್ಕೆ ಸಾಧ್ಯವಿಲ್ಲ. ಅದು ಔಷಧವಾಗಲೇ ಇಲ್ಲ.

ಗುಣದ ಜೊತೆ ಕಷ್ಟವೂ

ದೇಹದಲ್ಲೆಲ್ಲ ಹರಡಿದ ವೃಷಣದ ಕ್ಯಾನ್ಸರ್ ಒಂದು ಕಾಲಕ್ಕೆ ತರುಣರ ಪಾಲಿಗೆ ಮರಣಶಾಸನವೇ ಆಗಿತ್ತು. ಇತರ ಔಷಧಗಳೊಡನೆ ಸಿಸ್‌ಪ್ಲಾಟಿನ್ ಕೊಡತೊಡಗಿದ ಮೇಲೆ ಅಂಥವರಲ್ಲೂ ಹೆಚ್ಚಿನವರು ಗುಣವಾಗುತ್ತಿದ್ದಾರೆ. ಅಂಡಾಶಯ, ಶ್ವಾಸಕೋಶದ ಕ್ಯಾನ್ಸರ್‌ಗಳಿಗೂ ಇದನ್ನು ಬಳಸುತ್ತಾರೆ. ಆದರೆ ಪ್ಲಾಟಿನಂಗೆ ತನ್ನವರು, ಪರರು ಎಂಬ ಭೇದ ತಿಳಿಯದು. ಆರೋಗ್ಯವಂತ ಕೋಶಗಳಿಗೂ ಪೆಟ್ಟು ಬೀಳುತ್ತದೆ. ತೀವ್ರ ವಾಂತಿ, ಮೂತ್ರಪಿಂಡಗಳಿಗೆ ಹಾನಿ, ಕಿವಿ ಮಂದವಾಗುವುದು ಇದರ ದುಷ್ಪರಿಣಾಮಗಳು. ಮೂತ್ರಪಿಂಡಗಳ ರಕ್ಷಣೆಗೆಂದೇ ರೋಗಿಗೆ ಸಲೈನ್ ಹನಿಸುತ್ತಾರೆ. ಮುಂದೆ ಬಂದ ಕಾರ್ಬೋಪ್ಲಾಟಿನ್‌ನಿಂದ ಮೂತ್ರಪಿಂಡಗಳಿಗೆ ಅಪಾಯ ಕಡಿಮೆ.

ಒಂದು ಲೋಹ, ಒಂದು ಸಾರಜನಕ, ಅವುಗಳ ನಡುವೆ ಒಂದು ಜೋಡಿ ಎಲೆಕ್ಟ್ರಾನ್: ಇಷ್ಟರಿಂದಲೇ ಒಂದು ಕೋಶದ ಹಣೆಬರಹ ಬದಲಾಗುತ್ತದೆ. ಮುಂದಿನ ಸಲ ಸಿಸ್ ಮತ್ತು ಟ್ರಾನ್ಸ್ ಚಿತ್ರ ಬರೆಯುವಾಗ ವಿದ್ಯಾರ್ಥಿಗಳು ಇದನ್ನು ನೆನೆದರೆ, ಪಾಠ ಮರೆಯುವುದು ಕಷ್ಟವಾದೀತು.